ಎಡಗಡೆಯ ಮೆನು

ನಮ್ಮ ಮನೆಯ ಕಂಪ್ಯೂಟರಿಗೆ ಅರ್ಹತೆ ಇಲ್ಲ ಎಂದು ಒಂದು ದಿನ ಕಂಪ್ಯೂಟರೇ ಹೇಳಿತು. ಹಳೆಯ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸದನ್ನು ಹಾಕಿಕೊಳ್ಳೋಣವೆಂದರೆ ಈ ಯಂತ್ರ ಅದಕ್ಕೆ ತಕ್ಕುದಲ್ಲ ಎಂದು ಪರದೆಯ ಮೇಲೆ ಬಂತು. ನಾನು ಭಾರತೀನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಅರ್ಹತೆ ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ಯಂತ್ರಕ್ಕೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಪತ್ರಿಕೆ ಓದಲು, ಹಳೆಯ ವಿದ್ಯಾರ್ಥಿಗಳ ಮೇಲ್ ನೋಡಲು, ಪಿಯುಸಿ ಮಕ್ಕಳಿಗೆಂದು ಕನ್ನಡದಲ್ಲಿ ಭೌತಶಾಸ್ತ್ರದ ಟಿಪ್ಪಣಿ ಟೈಪ್ ಮಾಡಲು ಅದು ಸಾಕಾಗಿ ಮಿಗುತ್ತಿತ್ತು. ಗುಜರಿಗೆ ಹಾಕುವುದಿಲ್ಲ ಎಂದು ಹಟ ಹಿಡಿದೆ.

ಹಟಕ್ಕೆ ಜೊತೆಯಾದವನು ನನ್ನ ಹೈಸ್ಕೂಲಿನ ಗೆಳೆಯ. ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ದುಡಿದು, ಅಲ್ಲಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಮಳವಳ್ಳಿಯಲ್ಲಿ ಮನೆ ಕಟ್ಟಿಕೊಂಡವನು. ರಾತ್ರಿ ಪಾಳಿಯಲ್ಲಿ ಮೀಟರುಗಳ ಮುಂದೆ ಕುಳಿತು ಕುಳಿತು ಅವನಿಗೆ ಲಿನಕ್ಸ್ ಹುಚ್ಚು ಹಿಡಿದಿತ್ತು. ನಮ್ಮ ಮನೆ ಇರುವುದು ಮದ್ದೂರಿನಲ್ಲಿ, ರೈಲು ಹಳಿಯಿಂದ ಸ್ವಲ್ಪ ಈಚೆಗೆ. ಫೋನಿನಲ್ಲಿ ವಿಷಯ ಹೇಳಿದ್ದೇ ತಡ, ಮಳವಳ್ಳಿಯಿಂದ ಬಸ್ಸು ಹತ್ತಿದ. ದಾರಿಯಲ್ಲಿ ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿಕೊಂಡು, ಊಟದ ಹೊತ್ತು ಮೀರಿಸಿ ಬಂದು, ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ.

"ಇದ್ರೊಳಗೆ ಎಲ್ಲಾ ಜಾತಿವೂ ಅವೆ. ಒಂದೊಂದ್ನೇ ಓಡ್ಸಿ ನೋಡು. ಯಾವ್ದು ಇಡಿಸ್ತೋ ಅದನ್ನ ಆಕ್ಕೊಡ್ತೀನಿ."

ಲಿನಕ್ಸ್ ಎಂದರೆ ಒಂದೇ ಸರಕು ಎಂದು ತಿಳಿದಿದ್ದೆ. ಅಲ್ಲವಂತೆ. ಒಳಗಿನ ಯಂತ್ರಾಂಗ ಒಂದೇ ಆದರೂ ಅದನ್ನು ಸಜ್ಜುಮಾಡಿ ಹಂಚುವವರು ಹಲವರು. ಮಿಂಟ್, ಉಬುಂಟು, ಫೆಡೋರಾ, ಡೆಬಿಯನ್ ಎಂದು ಒಬ್ಬೊಬ್ಬರದೂ ಒಂದೊಂದು ಹೆಸರು. ಅದರ ಮೇಲೆ ನಾವು ದಿನವೂ ನೋಡುವ ಮುಖ ಬೇರೆ: ಪಟ್ಟಿ ಎಲ್ಲಿರಬೇಕು, ಮೆನು ಎಲ್ಲಿ, ಗಡಿಯಾರ ಎಲ್ಲಿ ಎನ್ನುವುದು. ಅದಕ್ಕೆ ಡೆಸ್ಕ್‌ಟಾಪ್ ಅನ್ನುತ್ತಾರೆ. "ಇಟ್ಟು ಒಂದೇ ಕಣ್ಲಾ, ಮುದ್ದೆ ಕಟ್ಟೋ ಕೈ ಬ್ಯಾರೆ" ಎಂದ. ಅರ್ಥವಾಯಿತು. ಇಬ್ಬರೂ ಆ ಮಧ್ಯಾಹ್ನ ಒಂದೆರಡನ್ನು ಓಡಿಸಿ ನೋಡಿದೆವು, ತಕರಾರು ಮಾಡಿದೆವು. ಯಾವುದೂ ತೀರ್ಮಾನವಾಗಲಿಲ್ಲ. ಮುಂದಿನ ವಾರ ಮತ್ತೆ ಬರುತ್ತೇನೆ ಎಂದು ಹೇಳಿ ಹೋದ.

ಆ ಮುಂದಿನ ವಾರ ನಾನು ಮಂಡ್ಯದ ಆಸ್ಪತ್ರೆಯಲ್ಲಿದ್ದೆ. ಮಿದುಳಿನ ಬಲಭಾಗಕ್ಕೆ ರಕ್ತ ಹೋಗುವ ನಾಳವೊಂದು ಕಟ್ಟಿಕೊಂಡಿತ್ತು. ಹಲ್ಲುಜ್ಜುತ್ತಿದ್ದವನು ಬಚ್ಚಲುಮನೆಯ ಗೋಡೆಗೆ ಒರಗಿ ಕೆಳಗೆ ಜಾರಿದೆನಂತೆ. ಎಡಗೈ, ಎಡಗಾಲು ಹೇಳಿದ ಮಾತು ಕೇಳುವುದನ್ನು ಬಿಟ್ಟವು. ಮಾತು ಹೋಗಲಿಲ್ಲ. ನೆನಪೂ ಹೋಗಲಿಲ್ಲ. ಬಂದವರೆಲ್ಲ ಅದೇ ದೊಡ್ಡ ಪುಣ್ಯ ಎಂದರು.

ಹೋದದ್ದು ಏನು ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ದುಃಖ ಹೋಗಿತ್ತು. ಸಂತೋಷವೂ ಹೋಗಿತ್ತು, ಹೆದರಿಕೆಯೂ ಹೋಗಿತ್ತು. ನನ್ನ ತಂಗಿ ಹಾಸಿಗೆಯ ಪಕ್ಕ ನಿಂತು ಗೊಳೋ ಎಂದು ಅತ್ತಾಗ, ಇವಳ ಮೂಗು ನಮ್ಮ ಅಪ್ಪನ ಮೂಗಿನ ಹಾಗೇ ಇದೆಯಲ್ಲ ಎಂದು ನೋಡುತ್ತಾ ಮಲಗಿದ್ದೆ. ಡಾಕ್ಟರು ನನ್ನ ಹೆಂಡತಿಯನ್ನು ಆಚೆಗೆ ಕರೆದು, ಕೆಲವು ಕಾಲ ಹೀಗೆ ಮಂಕಾಗಿ ಇರುತ್ತಾರೆ, ಎಡಗಡೆ ಗಮನ ಕಮ್ಮಿ ಇರುತ್ತದೆ, ನೋಡಿಕೊಳ್ಳಿ ಎಂದಿದ್ದರಂತೆ. ಅವಳು ಅದನ್ನು ಎಡಗೈ, ಎಡಗಾಲು ಜೋಪಾನ ಎಂದು ತಿಳಿದುಕೊಂಡಳು. ಯಾರಾದರೂ ಹಾಗೇ ತಿಳಿದುಕೊಳ್ಳುತ್ತಿದ್ದರು.

ಮನೆಗೆ ಬಂದೆ. ಕೋಲು ಹಿಡಿದು ಹಜಾರದವರೆಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುವುದು ಬೆಳಗಿನ ಕೆಲಸವಾಯಿತು. ಅದರ ಮೇಲೆ ಆಸೆ ಇತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಯಾವುದರ ಮೇಲೂ ಆಸೆ ಇರಲಿಲ್ಲ. ಯಾವ ಲಿನಕ್ಸ್ ಹಾಕಿಕೊಳ್ಳುವುದು ಎಂಬುದು ಅರ್ಧಕ್ಕೆ ನಿಂತ ಕೆಲಸ. ಅರ್ಧಕ್ಕೆ ನಿಂತ ಪಾಠವನ್ನು ಬೆಲ್ ಹೊಡೆದ ಮೇಲೂ ಮುಗಿಸುವವನು ನಾನು. ಅಭ್ಯಾಸ ಅಷ್ಟೇ.

ಪೆನ್‌ಡ್ರೈವ್ ಚುಚ್ಚಿಕೊಡುವುದು ನನ್ನ ಹೆಂಡತಿ. ಕಂಪ್ಯೂಟರಿನ ಡಬ್ಬ ಮೇಜಿನ ಬಲಗಡೆ ಇತ್ತು. ಅಡುಗೆಮನೆಯ ಬಾಗಿಲೂ ಆ ಕಡೆಗೇ. ಅವಳು ಅಲ್ಲಿಂದ ಬರುತ್ತಿದ್ದಳು, ಬಗ್ಗಿ ಚುಚ್ಚುತ್ತಿದ್ದಳು, ನನ್ನ ಹಿಂದಿನಿಂದ ಹಾದು ಎಲ್ಲಿಗೋ ಹೋಗಿಬಿಡುತ್ತಿದ್ದಳು. ಪಕ್ಕದಲ್ಲಿ ಒಂದು ಗಳಿಗೆ ಕೂರೋಣ ಎನ್ನುವುದಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ. ಬೇಜಾರಾಗಿ ಅಲ್ಲ. ಇಂದು ಮೋಡ ಇದೆ ಎಂದುಕೊಳ್ಳುವಂತೆ ಅಂದುಕೊಳ್ಳುತ್ತಿದ್ದೆ.

ಮೊದಲು ಮಿಂಟ್ ಓಡಿಸಿದೆ. ಚೆಂದದ ಪರದೆ ಬಂತು, ಕೆಳಗೊಂದು ಪಟ್ಟಿ ಬಂತು, ಪಟ್ಟಿಯಲ್ಲಿ ಗಡಿಯಾರ ಬಂತು. ಮೆನು ಇಲ್ಲ. ಹುಡುಕಿದೆ. ಇಲ್ಲ. ಗೆಳೆಯನಿಗೆ ಫೋನ್ ಮಾಡಿದೆ.

"ಇದ್ರಲ್ಲಿ ಮೆನುವೇ ಇಲ್ಲ ಕಣ್ಲಾ."

"ಓ, ಅದ್ಯಾವ್ದೋ ಒಸ ಫ್ಯಾಷನ್ನಿಂದು ಓಪನ್ ಮಾಡಿದ್ದೀಯ. ಈಗೀಗ ಮೆನುನೆ ತೆಗ್ದಾಕ್ಬುಟ್ಟವ್ರೆ ಕೆಲವ್ರು. ಬುಡು, ಇನ್ನೊಂದ್ ನೋಡು."

ಫೆಡೋರಾ ನೋಡಿದೆ. ಅದರ ಡೆಸ್ಕ್‌ಟಾಪಿನ ಹೆಸರು ಗ್ನೋಮ್. ಅದರಲ್ಲಿ ಪಟ್ಟಿಯೂ ಇಲ್ಲ. ಮೇಲೆ ಬಲ ಮೂಲೆಯಲ್ಲಿ ಯಂತ್ರ ಬಂದ್ ಮಾಡುವ ಗುಂಡಿ ಇತ್ತು. ಬಂದ್ ಮಾಡಿದೆ. ಉಬುಂಟುವಿನಲ್ಲಿಯೂ ಅದೇ ಗುಂಡಿ, ಬಾಕಿಯೆಲ್ಲ ಬರೀ ಚಿತ್ರ. ಕೆಡಿಇ ಎನ್ನುವ ಇನ್ನೊಂದು ಡೆಸ್ಕ್‌ಟಾಪನ್ನು ಗೆಳೆಯ ಬಾಯ್ತುಂಬ ಹೊಗಳಿದ್ದ, ಅದರಲ್ಲಿ ಇಲ್ಲದ ಸೌಕರ್ಯವೇ ಇಲ್ಲ ಎಂದಿದ್ದ. ನನಗೆ ಸಿಕ್ಕಿದ್ದು ಒಂದು ಗಡಿಯಾರ. ಲೋಕದ ಬುದ್ಧಿವಂತರೆಲ್ಲ ಸೇರಿ ಮಾಡಿದ್ದು ಇಷ್ಟೇನಾ ಎಂದುಕೊಂಡೆ. ಹೊತ್ತು ನೋಡಲು ಗಡಿಯಾರ, ಸಾಕೆನಿಸಿದಾಗ ಬಂದ್ ಮಾಡಲು ಗುಂಡಿ. ನನ್ನ ವಯಸ್ಸಿನವರಿಗೆ ಇಷ್ಟು ಸಾಕು ಎಂದು ತೀರ್ಮಾನಿಸಿರಬಹುದು.

ಕಂಪ್ಯೂಟರಿನಲ್ಲಿ ಆಗದೆ ಕಾಗದದ ಪತ್ರಿಕೆ ತರಿಸಿ ಓದಿದರೂ ತಲೆಬುಡ ತಿಳಿಯುತ್ತಿರಲಿಲ್ಲ. ಈಗಿನ ಹುಡುಗರು ಅರ್ಧ ವಾಕ್ಯ ಬರೆದು ಸಂಬಳ ಎಣಿಸುತ್ತಾರೆ ಎಂದುಕೊಂಡು ಮಡಿಸಿಟ್ಟೆ. ಹಬ್ಬದ ದಿನ ಹೆಂಡತಿ ಎಲೆ ಹಾಕಿ ಬಡಿಸಿದಳು. ಉಪ್ಪಿಲ್ಲ, ಕೋಸಂಬರಿ ಇಲ್ಲ, ಇದೆಂಥ ಹಬ್ಬದ ಊಟ ಎಂದೆ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ಎಲೆಯ ಎಡಕ್ಕೆ ಬಡಿಸಿದ್ದಳು. ಅವಳು ಏನೋ ಹೇಳಿದಳು, ಅಡುಗೆಮನೆಯಿಂದ ಹೇಳಿದ ಹಾಗೆ ಕೇಳಿಸಿತು. ಊಂ ಎಂದೆ. ಕಾಫಿಯೂ ಹಾಗೆಯೇ. ಕಾದು ಕಾದು, ಕಾಫಿ ಕೊಡಲಿಲ್ಲವಲ್ಲ ಎಂದರೆ, "ಮುಂದ್ಲೇ ಮಡ್ಗಿವ್ನಲ್ರೀ, ಆರೋಯ್ತು" ಎಂದು ಎಲ್ಲಿಂದಲೋ ಮಾತು ಬರುತ್ತಿತ್ತು, ಲೋಟವೂ ಎಲ್ಲಿಂದಲೋ ಬರುತ್ತಿತ್ತು.

ದಿನಕ್ಕೊಂದು ಫೋನು ಹೋಗಿ, ದಿನಕ್ಕೊಂದು ಡೆಸ್ಕ್‌ಟಾಪಿನಲ್ಲಿ ಮೆನು ಇಲ್ಲ ಎಂಬ ದೂರು ಕೇಳಿ, ಗೆಳೆಯನಿಗೆ ರೇಗಿತು. "ಎಲ್ಲಾದ್ರಲ್ಲೂ ಇಲ್ಲ ಅಂದ್ರೆ ಏನ್ಲಾ ಅರ್ಥ? ಇರು, ಬತ್ತೀನಿ" ಎಂದು ಬಸ್ಸು ಹತ್ತಿದ.

ಬಂದವನು ನನ್ನ ಬಲಗಡೆ ಕುರ್ಚಿ ಎಳೆದುಕೊಂಡು ಕುಳಿತ. ಮಿಂಟ್ ಓಡುತ್ತಿತ್ತು. ತೋರಿಸು, ಎಲ್ಲಿ ಮೆನು ಎಂದೆ. ಅವನು ನಕ್ಕ.

"ಇಲ್ಲೇ ಬಿದ್ದದಲ್ಲಾ, ಎಮ್ಮೆ ಗಾತ್ರ. ಕಣ್ ಬುಟ್ಟು ನೋಡ್ಲಾ."

ಅವನ ತೋಳು ನನ್ನ ಮುಂದೆ ಹಾದುಹೋಯಿತು. ಭುಜ ಕಂಡಿತು, ಮೊಣಕೈ ಕಂಡಿತು. ಅಲ್ಲಿಂದಾಚೆಗೆ ತೋಳು ಇರಲಿಲ್ಲ. ಕತ್ತರಿಸಿ ಹಾಕಿದ ಹಾಗೆ ಅಲ್ಲ, ಮಬ್ಬಾದ ಹಾಗೂ ಅಲ್ಲ. ಅಲ್ಲಿಗೆ ತೋಳು ಮುಗಿದಿತ್ತು. ಮುಗಿದದ್ದರಲ್ಲಿ ಏನೂ ಹೆಚ್ಚುಕಮ್ಮಿ ಇದೆ ಎಂದೂ ನನಗೆ ಅನ್ನಿಸಲಿಲ್ಲ. "ಎಲ್ಲಿ ತೋರಿಸ್ತಿದ್ದೀಯ?" ಎಂದು ಕೇಳಿದೆ. ಅವನ ನಗು ನಿಂತಿತು. ಸಲೂನಿನಲ್ಲಿ ತಿರುಗಿಸುವಂತೆ ನನ್ನ ಗದ್ದ ಹಿಡಿದು ಮುಖವನ್ನು ಎಡಕ್ಕೆ ತಿರುಗಿಸಿದ. ಅವನ ಕೈ ಬಂತು, ಬೆರಳು ಬಂತು, ಬೆರಳಿನ ತುದಿಯಲ್ಲಿ ಮೆನು ಬಂತು. ಮೇಜಿನ ಇನ್ನರ್ಧ ಬಂತು, ಅದರ ಮೇಲೆ ಕೆನೆ ಕಟ್ಟಿದ ಕಾಫಿ ಲೋಟ ಬಂತು. ಗದ್ದ ಬಿಟ್ಟ ಕೂಡಲೇ ತಲೆ ತನ್ನಷ್ಟಕ್ಕೆ ಬಲಕ್ಕೆ ಬಂದು ನಿಂತಿತು. ಎಲ್ಲವೂ ಮತ್ತೆ ಹೋದವು.

ಜೀವಮಾನವಿಡೀ ಬೆಳಕಿನ ಪಾಠ ಹೇಳಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳಕು ಕಣ್ಣಿಗೆ ಬರುತ್ತಿತ್ತು, ಕಣ್ಣು ಸರಿಯಾಗಿಯೇ ಇತ್ತು. ಬಂದದ್ದನ್ನು ತೆಗೆದುಕೊಳ್ಳುವವನು ಒಳಗೆ ಇರಲಿಲ್ಲ. ಬೆಳಕು ಹೊರಗೆ ನಿಂತು ಬಾಗಿಲು ತಟ್ಟಿ ವಾಪಸು ಹೋಗುತ್ತಿತ್ತು. ನನಗೆ ಎಡಗಡೆಯೇ ಇರಲಿಲ್ಲ. ಇಲ್ಲ ಎಂಬುದೂ ಗೊತ್ತಿರಲಿಲ್ಲ. ಇಷ್ಟು ದಿನ ಒಳ್ಳೊಳ್ಳೆಯ ಲಿನಕ್ಸ್‌ಗಳನ್ನೆಲ್ಲ ಸುಮ್ಮನೆ ದೂರಿದ್ದೆ.

ಗೆಳೆಯ ಮೌಸನ್ನು ತನ್ನ ಕಡೆ ಎಳೆದುಕೊಂಡು, "ಆಗಿದ್ ಆಗೋಯ್ತು ಬುಡ್ಲಾ. ಎಲ್ಲಾನೂ ಬಲಕ್ಕೆ ಆಕ್ಕೊಡ್ತೀನಿ" ಎಂದ.

ಹಾಕಿಯೂ ಕೊಟ್ಟ. ಮಿಂಟನ್ನೇ ಗಟ್ಟಿ ಮಾಡಿದೆವು. ಹಳೆಯ ಯಂತ್ರಕ್ಕೆ ಭಾರವಾಗದು, ಕನ್ನಡ ಟೈಪಿಂಗ್ ಕೂರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಅದರ ಪಟ್ಟಿಯನ್ನು ಪರದೆಯ ಯಾವ ಅಂಚಿಗೆ ಬೇಕಾದರೂ ಒಯ್ದು ನಿಲ್ಲಿಸಬಹುದು. ಅವನು ಅದನ್ನು ಬಲಗಡೆಯ ಅಂಚಿಗೆ ಉದ್ದಕ್ಕೆ ನಿಲ್ಲಿಸಿದ. ಮೆನು ಬಲಕ್ಕೆ, ಪತ್ರಿಕೆಯ ಕಿಟಕಿ ಬಲ ಅರ್ಧಕ್ಕೆ, ಟಿಪ್ಪಣಿ ಬಲ ಅರ್ಧಕ್ಕೆ. ಪರದೆಯ ಎಡ ಅರ್ಧವನ್ನು ಯಾರೂ ಇಲ್ಲದ ಜಮೀನಿನಂತೆ ಬಿಟ್ಟೆವು. ಕಾಫಿಯೂ ಬಲಕ್ಕೆ ಬರತೊಡಗಿತು. ಪತ್ರಿಕೆ ಬರೆಯುವ ಹುಡುಗರು ಮತ್ತೆ ಪೂರ್ತಿ ವಾಕ್ಯ ಬರೆಯತೊಡಗಿದರು. ಒಂದೇ ಕೈಯಲ್ಲಿ ಗುರುತ್ವಾಕರ್ಷಣೆಯ ಪಾಠ ಶುರುಮಾಡಿದೆ.

ಅನುಕೂಲವಾಗಿತ್ತು. ಬೆಳಿಗ್ಗೆ ಕುಳಿತರೆ ಊಟಕ್ಕೆ ಏಳುತ್ತಿದ್ದೆ, ಉಂಡು ಮತ್ತೆ ಕೂರುತ್ತಿದ್ದೆ. ಖುಷಿ ಎನ್ನಲಾರೆ. ಆದರೆ ಏನೂ ಎಡವಟ್ಟಾಗುತ್ತಿರಲಿಲ್ಲ.

ಮಂಡ್ಯದಿಂದ ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದು ಕಾಲಿಗೆ, ಕೈಗೆ ವ್ಯಾಯಾಮ ಹೇಳಿಕೊಟ್ಟು ಹೋಗುತ್ತಿದ್ದಳು. ಅವಳಿಗೆ ನಮ್ಮ ಏರ್ಪಾಟನ್ನು ತೋರಿಸಿದೆ. ನೋಡಿ, ತಲೆಯಾಡಿಸಿ, ಪಕ್ಕದಲ್ಲಿ ಕುಳಿತಳು.

"ಬಹಳ ಚೆನ್ನಾಗಿ ಮಾಡಿದ್ದೀರಾ ಸಾರ್. ಆದ್ರೆ ಹಿಂಗೆ ಮಾಡ್ಲೇಬಾರದು."

"ಯಾಕಮ್ಮ?"

"ಎಲ್ಲಾ ಬಲಗಡೆ ಸಿಕ್ಕಿದ್ರೆ ಮಿದುಳು ಎಡಗಡೆ ಹುಡುಕೋದನ್ನೇ ಬಿಟ್ಬಿಡುತ್ತೆ. ಬೇಕಾದ ಸಾಮಾನು ಎಡಕ್ಕಿರಬೇಕು. ಹುಡುಕಿ ಹುಡುಕಿನೇ ಅದು ವಾಪಸ್ ಬರಬೇಕು. ಈ ಕೆಲವು ತಿಂಗಳು ಮುಖ್ಯ ಸಾರ್. ಈಗ ಬಿಟ್ಟದ್ದು ಆಮೇಲೆ ಬರೋದು ಕಷ್ಟ."

"ನನಗೆ ಹೀಗೇ ಅನುಕೂಲ ಇದೆ."

"ನಿಮಗೆ ಅನುಕೂಲ ಬೇಕಾ, ಎಡಗಡೆ ಬೇಕಾ, ನೀವೇ ಹೇಳಿ."

"ಅನುಕೂಲ" ಎಂದೆ. ಮುಚ್ಚುಮರೆ ಏನು? ಇಲ್ಲದ ಎಡಗಡೆಯ ಮೇಲೆ ನನಗೆ ಯಾವ ಮೋಹವೂ ಇರಲಿಲ್ಲ. ಅಲ್ಲಿ ಏನಿದೆ ಎಂದೇ ಗೊತ್ತಿಲ್ಲದವನು ಅದು ಬೇಕು ಎಂದು ಹೇಗೆ ಕೇಳಿಯಾನು? ಹುಡುಗಿ ಎದ್ದು, ಯೋಚನೆ ಮಾಡಿ ಸಾರ್ ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನಾನು ಯೋಚನೆ ಮಾಡಲಿಲ್ಲ.

ಕೆಲವು ದಿನಗಳಾದ ಮೇಲೆ ಗೆಳೆಯ ಬಂದ. ಅವರೆಕಾಯಿ ಕಾಲ. ಮಳವಳ್ಳಿ ಸಂತೆಯಲ್ಲಿ ಕೊಂಡ ಅವರೆಕಾಯಿಯ ಚೀಲವನ್ನು ಅಡುಗೆಮನೆಯ ಬಾಗಿಲಲ್ಲಿ ನನ್ನ ಹೆಂಡತಿಯ ಕೈಗೆ ಕೊಟ್ಟು, ಎಂದಿನಂತೆ ನನ್ನ ಬಲಗಡೆ ಬಂದು ಕುಳಿತ. ಕಂಪ್ಯೂಟರಿನ ಮಾತಾಯಿತು. ಡೆಬಿಯನ್ನಿನ ಹೊಸ ಆವೃತ್ತಿ ಬಂದ ಮಾತಾಯಿತು. ಮಾತು ನಿಂತಾಗ, ಹೇಳಬೇಕೆಂಬ ಉದ್ದೇಶವೂ ಇಲ್ಲದೆ, ಮನಸ್ಸಿನಲ್ಲಿದ್ದದ್ದನ್ನು ಹೇಳಿದೆ.

"ಒಂದ್ ವಿಷಯ ಹೇಳ್ತೀನಿ ಕಣ್ಲಾ. ಆಸ್ಪತ್ರೆಯಿಂದ ಬಂದ್ಮೇಲೆ ಇವಳು ನನ್ನ ಹತ್ರ ಕೂತೇ ಇಲ್ಲ. ಬತ್ತಾಳೆ, ಏನಾದ್ರೂ ಇಡ್ತಾಳೆ, ಓಯ್ತಾಳೆ. ಮುಂಚೆ ಸಂಜೆ ಹೊತ್ತು ಅದೂ ಇದೂ ಮಾತಾಡ್ತಾ ಕೂರೋಳು. ಕೈಕಾಲು ಬಿದ್ದೋದ ಗಂಡ ಯಾರಿಗೆ ಬೇಕು ಹೇಳು. ನಾನು ಸತ್ತೋಗಿದ್ರೂ ಅವಳಿಗೆ ಇಷ್ಟೇ ಇತ್ತು."

ನನ್ನ ಮುಖ ನೋಡುತ್ತಿದ್ದವನು ನನ್ನನ್ನು ದಾಟಿ ಆಚೆಗೆ ನೋಡಿದ.

"ನಿಂಗೆ ಏನ್ ಮಾತಾಡ್ತಿದ್ದೀಯ ಅಂತ ಗೊತ್ತಾಯ್ತದೇನ್ಲಾ?" ಎಂದ. ಅವನ ದನಿ ಬೇರೆಯಾಗಿತ್ತು. "ಇಲ್ಲೇ ಕುಂತವ್ಳೆ. ನಿನ್ನ ಮಗ್ಗುಲಲ್ಲೇ. ಆಗ್ಲಿಂದ್ಲೂ ಕುಂತವ್ಳೆ ಕಣ್ಲಾ."

ಅಡುಗೆಮನೆಯ ಕಡೆಯಿಂದ ನನ್ನ ಹೆಂಡತಿಯ ದನಿ ಬಂತು. "ಬುಡಣ್ಣ. ನಿನ್ ಮುಂದೆ ಇವತ್ತು ಯೋಳವ್ರೆ. ಫೋನ್‌ನಲ್ಲಿ ತಂಗಿ ಕುಟ್ಟೆ ದಿನಾ ಯೋಳ್ತಾರೆ."

ಗೆಳೆಯ ನನ್ನ ಗದ್ದ ಹಿಡಿದು ತಿರುಗಿಸಿದ. ಅವಳು ಅಡುಗೆಮನೆಯಲ್ಲಿರಲಿಲ್ಲ. ನನ್ನ ಎಡಗಡೆ ಕಿಟಕಿಯ ಕೆಳಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಮಡಿಲಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಬಿಡಿಸಿದ ಅವರೆಕಾಳು. ನನ್ನನ್ನು ನೋಡಲಿಲ್ಲ. ಕಾಯಿ ಬಿಡಿಸುತ್ತಲೇ ಇದ್ದಳು. ಕೆನ್ನೆ ಒದ್ದೆಯಾಗಿತ್ತು.

ಹೆಂಡತಿ ಕೂರುವುದು ಗಂಡನ ಎಡಕ್ಕೆ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ಪೂಜೆಗೆ ಕುಳಿತರೂ ಹಾಗೇ, ಫೋಟೋಗೆ ನಿಂತರೂ ಹಾಗೇ, ರೈಲಿನಲ್ಲಿ ಸೀಟು ಹಿಡಿದರೂ ಹಾಗೇ. ಮದುವೆಯಾದಂದಿನಿಂದ ಅವಳು ಕೂತದ್ದು ಅಲ್ಲಿಯೇ. ಅವಳು ಎಲ್ಲಿಗೂ ಹೋಗಿರಲಿಲ್ಲ. ಉಪ್ಪು ಹೋದ ಕಡೆ, ಮೆನು ಹೋದ ಕಡೆ, ಅವಳು ಹೋಗಿದ್ದಳು.

"ಬಲಗಡೆಗೆ ಬಂದು ಕೂತ್ಕೊ" ಎಂದೆ.

"ಬರಾಕಿಲ್ಲ" ಎಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಬಲಕ್ಕೆ ಕುಂತಿದ್ದು ಧಾರೆ ಎರೆಯೋಗಂಟ. ಆಮೇಲೆ ಎಡಕ್ಕೆ ಕೂರ್ಸ್ಕೊಂಡೋರು ನೀವು. ನಾನು ಎದ್ದು ಬರಾಕಿಲ್ಲ ಕಣ್ರೀ. ಬೇಕಾದ್ರೆ ನೀವು ತಿರುಗಿ."

ಆಗ ನನಗೆ ಏನಾಗಬೇಕಿತ್ತು ಎಂಬುದು ನನಗೆ ಗೊತ್ತಿದೆ. ನಾಚಿಕೆಯಾಗಬೇಕಿತ್ತು, ಕರುಳು ಚುರ್ ಎನ್ನಬೇಕಿತ್ತು, ಕೊನೆಗೆ ಕಣ್ಣಾದರೂ ತುಂಬಬೇಕಿತ್ತು. ಏನೂ ಆಗಲಿಲ್ಲ. ಒದ್ದೆ ಕೆನ್ನೆಯನ್ನು ನೋಡಿದೆ, ಒದ್ದೆಯಾಗಿದೆ ಎಂದು ತಿಳಿಯಿತು. ಅಷ್ಟೇ. ಗೆಳೆಯ ಗದ್ದ ಬಿಟ್ಟ, ಅವಳು ಮತ್ತೆ ಇಲ್ಲವಾದಳು, ಇಲ್ಲವಾದದ್ದಕ್ಕೆ ನನಗೆ ನೋವಾಗಲಿಲ್ಲ. ಲೆಕ್ಕದಲ್ಲಿ ಉತ್ತರ ತಪ್ಪು ಬಂದರೆ ಎಲ್ಲೋ ಹೆಜ್ಜೆ ತಪ್ಪಿದೆ ಎಂದು ಗೊತ್ತಾಗುತ್ತದಲ್ಲ, ಹಾಗೆ ಬುದ್ಧಿಗೆ ಮಾತ್ರ ಗೊತ್ತಾಯಿತು. ಕಟ್ಟಿಕೊಂಡವಳು ಮಗ್ಗುಲಲ್ಲಿ ಕುಳಿತು ಅಳುತ್ತಿರುವಾಗ ಅನುಕೂಲವಾಗಿರುವವನ ಏರ್ಪಾಟು ಸರಿಯಾದ ಏರ್ಪಾಟಲ್ಲ.

"ಪಟ್ಟಿನ ಎಡಕ್ಕೆ ಹಾಕು" ಎಂದೆ ಗೆಳೆಯನಿಗೆ.

"ಎಡಕ್ಕಾ? ಕಾಣಾಕಿಲ್ವಲ್ಲಾ ನಿಂಗೆ."

"ಹಾಕು."

ಮೆನು, ಪತ್ರಿಕೆ, ಟಿಪ್ಪಣಿ ಎಲ್ಲವೂ ಎಡಗಡೆಗೆ ಹೋದವು. ವಿದ್ಯುತ್ ಕೇಂದ್ರದ ಮನುಷ್ಯ, ಚೀಲದಲ್ಲಿ ತಂತಿಗೆ ಸುತ್ತುವ ಕೆಂಪು ಟೇಪು ಇಲ್ಲದೆ ಓಡಾಡುವವನಲ್ಲ. ಪರದೆಯ ಎಡ ಅಂಚಿಗೆ ಮೇಲಿನಿಂದ ಕೆಳಗೆ ಅದನ್ನು ಅಂಟಿಸಿ, ಕೆಂಪು ಕಾಣುವವರೆಗೆ ತಿರುಗು, ಕಂಡ ಮೇಲೆ ಓದು ಎಂದು ತಾಕೀತು ಮಾಡಿದ. ಮುಂದಿನ ಸಲ ಬಂದ ಫಿಸಿಯೋ ಹುಡುಗಿ ಟೇಪು ನೋಡಿ, ಇದನ್ನು ನಾನೇ ಹೇಳಬೇಕಿತ್ತು ಸಾರ್ ಎಂದಳು.

ನರಕ ಅಂದರೆ ಅದು. ಒಂದು ಕಡತ ತೆರೆಯಲು ಬೆಳಿಗ್ಗೆಯೇ ಕಳೆದುಹೋಗುತ್ತಿತ್ತು. ತಿರುಗಿದೆ ಎಂದುಕೊಂಡಿರುತ್ತಿದ್ದೆ, ತಿರುಗಿರುತ್ತಿರಲಿಲ್ಲ. ಪರದೆ ಮುಗಿಯಿತು ಎಂದುಕೊಂಡಲ್ಲಿ ಅರ್ಧವೂ ಆಗಿರುತ್ತಿರಲಿಲ್ಲ. ಕೆಂಪು ಕಂಡಿತು ಎನ್ನುವಷ್ಟರಲ್ಲಿ ತಲೆ ಎಣ್ಣೆ ಹಚ್ಚಿದ ಚಕ್ರದಂತೆ ಬಲಕ್ಕೆ ಜಾರುತ್ತಿತ್ತು. ಒಂದು ದಿನ ಮೌಸನ್ನು ಎತ್ತಿ ಮೇಜಿಗೆ ಕುಕ್ಕಿ, ಲಿನಕ್ಸನ್ನೂ ಗೆಳೆಯನನ್ನೂ ಅವನ ಟೇಪನ್ನೂ ಹಿಗ್ಗಾಮುಗ್ಗಾ ಬೈದೆ. ಬೈದು ಮುಗಿದ ಮೇಲೆ ಹೊಳೆಯಿತು: ಸಿಟ್ಟು ಬಂದಿದೆ. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಬಂದ ಮೊದಲನೆಯ ವಸ್ತು ಅದು. ಬೇರೆಯವು ಬರಲಿಲ್ಲ, ಸಿಟ್ಟು ಮಾತ್ರ ತನ್ನ ಮನೆ ದಾರಿ ನೆನಪಿಟ್ಟುಕೊಂಡಿತ್ತು.

ಕಾಯುತ್ತಾ ಕೂರಲಿಲ್ಲ. ದಿನಾ ತಿರುಗಿದೆ. ಮೆನು ಸಿಗುವುದು ಸ್ವಲ್ಪ ಬೇಗ ಆಯಿತು. ಎಲೆಯ ಮೇಲೆ ಉಪ್ಪು ಸಿಕ್ಕಿತು. ಪತ್ರಿಕೆಯ ಸಾಲುಗಳಿಗೆ ತಲೆ ಬಂತು. ಅವಳು ಎಡಗಡೆ ಇದ್ದಾಳೆ ಎಂಬುದು ತಿಳಿದ ವಿಷಯವಾಗಿತ್ತು. ದಿಲ್ಲಿ ಉತ್ತರಕ್ಕಿದೆ ಎಂದು ತಿಳಿದಿರುವ ಹಾಗೆ. ಆ ಕಡೆಗೆ ಮಾತಾಡುತ್ತಿದ್ದೆ, ಅವಳು ಆ ಕಡೆಯಿಂದ ಉತ್ತರ ಕೊಡುತ್ತಿದ್ದಳು. ತಿರುಗಿ ನೋಡುವಷ್ಟು ಕತ್ತು ಹೋಗುತ್ತಿರಲಿಲ್ಲ. ಕೆಂಪು ಟೇಪಿಗೆ ನನ್ನ ಲೋಕ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ಕಾಂತಕ್ಷೇತ್ರದ ಪಾಠದ ಕಡತ ಹುಡುಕುತ್ತಿದ್ದೆ. ರೈಲೊಂದು ಹಾದುಹೋಗಿ ಕಿಟಕಿಯ ಗಾಜು ಅದುರಿತು. ಸದ್ದಿನ ಜೊತೆಗೆ ತಲೆ ತಿರುಗಿತೋ, ಅಭ್ಯಾಸದಿಂದ ತಿರುಗಿತೋ, ಕೆಂಪು ಟೇಪನ್ನು ದಾಟಿ ಮುಂದಕ್ಕೆ ಹೋಯಿತು. ಮೇಜಿನ ಅಂಚು ಬಂತು. ಕಿಟಕಿಯ ಸರಳು ಬಂತು. ಅವಳ ಮಂಡಿ ಬಂತು, ಹಸಿರು ವಾಯಿಲ್ ಸೀರೆ, ಅವಳ ಮಡಿಲು. ಮಡಿಲಲ್ಲಿ ಒಂದು ಕೈ ಇತ್ತು. ಮುದುಕನ ಕೈ, ಹಿಂಗೈಯಲ್ಲಿ ನರ ಎದ್ದದ್ದು, ಬೆರಳು ಮುದುಡಿದ್ದು. ಅವಳು ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಒಂದೊಂದೇ ಬೆರಳನ್ನು ಹಿಂದಕ್ಕೆ ಬಿಡಿಸಿ, ಒತ್ತಿ, ನೀವಿ, ಬಿಡುತ್ತಿದ್ದಳು. ಬಹಳ ಕಾಲದಿಂದ ಮಾಡುತ್ತಿರುವವರಂತೆ, ನೋಡದೆಯೇ.

ಯಾರೋ ಬಂದು ಕುಳಿತಿದ್ದಾರೆ ಎಂದುಕೊಂಡೆ.

"ಯಾರ ಕೈ ಅದು?" ಎಂದು ಕೇಳಿದೆ.

ಅವಳು ತಲೆಯೆತ್ತಿದಳು. ನಾನು ತನ್ನನ್ನೇ ನೋಡುತ್ತಿದ್ದೇನೆ, ಯಾರೂ ನನ್ನ ಗದ್ದ ಹಿಡಿದಿಲ್ಲ ಎಂಬುದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಹಿಡಿಯಿತು.

"ನಿಮ್ದೇ ಕಣ್ರೀ" ಎಂದಳು.

ತೋಳಿನ ಗುಂಟ ಹಿಂದಕ್ಕೆ ನೋಡಿಕೊಂಡು ಬಂದೆ. ಮಣಿಕಟ್ಟು, ಮೊಣಕೈ, ನನ್ನ ಬನಿಯನ್ನು, ನನ್ನ ಭುಜ. ಹೌದು.

"ಯಾವಾಗಿನಿಂದ?"

"ಆಸ್ಪತ್ರೆಯಿಂದ ಬಂದಾಗ್ಲಿಂದ. ವ್ಯಾಯಾಮಕ್ಕೆ ಬತ್ತದಲ್ಲ, ಆ ಮಗು ಯೋಳ್ಕೊಟ್ಟಿತ್ತು. ನೀವು ಇದರ್ ಮುಂದೆ ಕುಂತು ಇದ್ ಬೇಕು, ಅದ್ ಬ್ಯಾಡ ಅಂತ ಆರಿಸ್ತಿದ್ರಲ್ಲ, ಆವಾಗೆಲ್ಲಾ."

"ನನಗೆ ಹೇಳಬಾರದಿತ್ತಾ?"

"ಯೋಳ್ದೆ. ನೀವು ಅಡುಗೆಮನೆ ಕಡೆ ತಿರುಕ್ಕೊಂಡು ಊಂ ಅಂತಿದ್ರಿ."

ಅವಳು ಮತ್ತೆ ಕೈಯ ಕಡೆ ನೋಡಿದಳು. ಉಂಗುರದ ಬೆರಳು ಮುಗಿಸಿ ಕಿರುಬೆರಳು ಹಿಡಿದಳು. ಕೈಗೆ ಏನೂ ತಿಳಿಯುತ್ತಿರಲಿಲ್ಲ, ಅವಳ ಬೆರಳಿನ ಬಿಸಿಯೂ ತಿಳಿಯುತ್ತಿರಲಿಲ್ಲ. ತಲೆ ತಾನಾಗಿಯೇ ಬಲಕ್ಕೆ ಜಾರಿತು. ಎಳೆದು ತಿರುಗಿಸಿದೆ. ಮತ್ತೆ ಜಾರಿತು. ಮತ್ತೆ ತಿರುಗಿಸಿ, ಅವಳು ನನ್ನ ಕೈಯನ್ನು ನೀವಿ ಮುಗಿಸುವವರೆಗೂ ನೋಡುತ್ತಾ ಕುಳಿತೆ.